ಮಾವನ ಕೆಮ್ಮು

ಕೆಂಪು ಗುರುತು ಮೊದಲು ಕಂಡದ್ದು ನನಗೇ. ರಾಮದುರ್ಗದ ನೇಕಾರರ ಓಣಿಯ ಒಂದು ಮನೆ. ಪಡಸಾಲೆಯ ಕಿಟಕಿಗೆ ಹತ್ತಿಸಿ ಹಾಕಿದ್ದ ಮಂಚದ ಮೇಲೆ ಆ ಮನೆಯ ಸೊಸೆಯನ್ನು ಬೋರಲು ಮಲಗಿಸಿ ಸೀರೆ ಸರಿಸಿದೆ. ಬೆನ್ನಿನ ಕೊನೆಯ ಎಲುಬು ಚರ್ಮಕ್ಕೆ ಹತ್ತಿರ ಬರುವ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಿನಿಂದ ಒತ್ತಿ ನೋಡಿದೆ. ಒತ್ತಿದಾಗ ಬಿಳಿಚಬೇಕು, ಬಿಟ್ಟಾಗ ಮತ್ತೆ ಕೆಂಪಾಗಬೇಕು. ಅದು ಬಿಳಿಚಲಿಲ್ಲ.

"ಏನೈತ್ರಿ ಬಾಯಾರ?" ಎಂದು ಅವಳು ದಿಂಬಿನಲ್ಲಿ ಮುಖವಿಟ್ಟುಕೊಂಡೇ ಕೇಳಿದಳು. ನಮ್ಮ ಕಡೆ ಹೆಣ್ಣು ಡಾಕ್ಟರಿಗೆ ಬಾಯಾರ ಎನ್ನುತ್ತಾರೆ.

"ಸ್ವಲ್ಪ ಕೆಂಪಾಗೇತಿ."

"ಸೊಳ್ಳಿ ಕಡದಿರಬೇಕ್ರಿ."

"ಇದು ಸೊಳ್ಳಿ ಅಲ್ಲ."

ಅವಳಿಗೆ ಸೊಂಟದಿಂದ ಕೆಳಗೆ ಏನೂ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಶ್ಯಾವಿಗೆ ಒಣಹಾಕಲು ಮಾಳಿಗೆ ಹತ್ತಿದ್ದವಳು ಅಂಚಿನಿಂದ ಕಾಲು ಜಾರಿ ಅಂಗಳಕ್ಕೆ ಬಿದ್ದಿದ್ದಳು. ಬೆನ್ನುಹುರಿಗೆ ಪೆಟ್ಟಾಯಿತು. ನಾವೆಲ್ಲ ಕುಳಿತಲ್ಲಿ, ಮಲಗಿದಲ್ಲಿ, ನಮಗೇ ಅರಿವಿಲ್ಲದೆ ಮಗ್ಗಲು ಬದಲಿಸುತ್ತಿರುತ್ತೇವೆ. ನೋವು ನಮ್ಮನ್ನು ಅತ್ತಿತ್ತ ಹೊರಳಿಸುತ್ತದೆ. ಅವಳಿಗೆ ಆ ನೋವೇ ಇಲ್ಲ. ಅವಳು ನೆನಪಿಟ್ಟುಕೊಂಡು ಹೊರಳಬೇಕು, ಎರಡು ತಾಸಿಗೊಮ್ಮೆ. ಹೊರಳದಿದ್ದರೆ ಎಲುಬಿನ ಕೆಳಗೆ ಸಿಕ್ಕಿಕೊಂಡ ಮಾಂಸಕ್ಕೆ ರಕ್ತ ಹೋಗದೆ ಅದು ಸಾಯುತ್ತದೆ. ಆಮೇಲೆ ಕೀವು, ಆಮೇಲೆ ಎಲುಬು, ಆಮೇಲೆ ಮೈಯ ರಕ್ತವೆಲ್ಲ ನಂಜು. ಬೆನ್ನು ಮುರಿದುಕೊಂಡೂ ಬದುಕಿದವರು ಇಂಥ ಹುಣ್ಣಿನಿಂದ ಸತ್ತದ್ದನ್ನು ನಾನು ಕಣ್ಣಾರೆ ನೋಡಿದ್ದೆ. ಅವಳಿಗೆ ಆ ಹುಣ್ಣು ಆಗಬಾರದಿತ್ತು. ಆ ವರ್ಷದ ನನ್ನ ಓದೆಲ್ಲ ಅಷ್ಟರೊಳಗೇ ಇತ್ತು.

ನಾನು ಸಂಪಗಾಂವದವಳು. ಅಪ್ಪ ಬೈಲಹೊಂಗಲದ ಪೇಟೆಯಲ್ಲಿ ಹಮಾಲಿ. ಹತ್ತಿ ಚೀಲ ಹೊತ್ತು ಹೊತ್ತು ಅವನ ಎಡಭುಜ ಬಲಭುಜಕ್ಕಿಂತ ತಗ್ಗಾಗಿದೆ. ನಮ್ಮ ಮನೆತನದಲ್ಲಿ ಕಾಲೇಜು ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ ಅದು. ಎಂ.ಬಿ.ಬಿ.ಎಸ್. ಮುಗಿದಾಗ ಓಣಿಯವರು ಪೇಡೆ ತಿಂದರು. ಪುನರ್ವಸತಿ ವೈದ್ಯಕೀಯದಲ್ಲಿ ಎಂ.ಡಿ. ಮುಗಿದಾಗಲೂ ತಿಂದರು. ಅದರ ಮೇಲೆ ಮತ್ತೊಂದು ವರ್ಷ, ಬೆನ್ನುಹುರಿ ಪೆಟ್ಟಾದವರನ್ನು ನೋಡುವುದಕ್ಕೆಂದೇ ಫೆಲೋಶಿಪ್ ಎಂದಾಗ ಪೇಡೆ ಹಂಚಬೇಕೋ ಬೇಡವೋ ಅವ್ವನಿಗೂ ತಿಳಿಯಲಿಲ್ಲ. ಎದುರು ಮನೆಯ ಕಾಕಿ ಬಂದು ವಿಚಾರಣೆಗೆ ಕುಳಿತಳು.

"ಇನ್ನೂ ಸಾಲಿ ಮುಗೀಲಿಲ್ಲೇನವಾ ನಿಂದು?"

"ಮುಗದೈತಿ ಕಾಕಿ. ಇದು ಅದರ ಮ್ಯಾಲಿಂದು."

"ಸೂಜಿ ಮಾಡತಿ?"

"ನಮ್ಮದರಾಗ ಸೂಜಿ ಕಡಿಮಿ."

"ಆಪರೇಶನ್?"

"ಅದನ್ನ ಬ್ಯಾರೆ ಡಾಕ್ಟರ್ ಮಾಡತಾರ."

"ಮತ್ತ ನೀ ಏನ್ ಮಾಡತಿ?"

"ಬಿದ್ದೋರನ್ನ ಎಬ್ಬಿಸಿ ಕುಂಡ್ರಸತೇನಿ."

ಕಾಕಿ ನಮ್ಮ ಕಟ್ಟೆಯ ಕಡೆ ಕೈ ಮಾಡಿದಳು. ಅಲ್ಲಿ ಅಪ್ಪ ಊಟ ಮಾಡಿ, ಮುಖದ ಮೇಲೆ ಟವೆಲ್ ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದ. "ಹಂಗಾರ ಮೊದಲ ನಿಮ್ಮಪ್ಪನ್ನ ಎಬ್ಬಸು. ಊಟ ಆದಾಗಿಂದ ಬಿದ್ದಾನ."

ಅವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ನನಗೆ ನನ್ನ ಕೆಲಸದ ಮೇಲೆ ಹೆಮ್ಮೆಯಿತ್ತು. ಆಪರೇಶನ್ ಮಾಡಿದವರು ಹೊಲಿಗೆ ಬಿಚ್ಚಿ ಕೈ ತೊಳೆದುಕೊಳ್ಳುತ್ತಾರೆ. ಆಮೇಲೆ ಆ ಮನುಷ್ಯ ಉಚ್ಚೆ ಹೇಗೆ ಹೊಯ್ಯಬೇಕು, ಹೊಸ್ತಿಲು ಹೇಗೆ ದಾಟಬೇಕು, ಅಡಿಗೆಮನೆಯ ಡಬ್ಬಿಗೆ ಕೈ ಹೇಗೆ ಮುಟ್ಟಬೇಕು ಎಂದು ಕಲಿಸುವವರು ನಾವು.

ನಗರದ ಆಸ್ಪತ್ರೆಯೊಂದರಲ್ಲಿ ಸಿಕ್ಕ ಆ ಫೆಲೋಶಿಪ್‌ಗೆ ಒಂದು ಪದ್ಧತಿಯಿತ್ತು. ಫೆಲೋ ಆದವರು ಒಬ್ಬ ರೋಗಿಯನ್ನು ವಾರ್ಡಿನಿಂದ ಅವರ ಮನೆಯವರೆಗೂ ಬಿಡದೆ ಹಿಂಬಾಲಿಸಬೇಕು, ವರ್ಷ ಮುಗಿಯುವವರೆಗೆ. ನಮ್ಮ ಗೈಡ್ ಸರ್ ಬೇರೆ ರಾಜ್ಯದವರು, ಈ ವಿದ್ಯೆಯಲ್ಲಿ ದೊಡ್ಡ ಹೆಸರು. ಅವರು ಮೊದಲ ದಿನವೇ ನನಗೆ ಹೇಳಿದ್ದರು: ವಾರ್ಡಿನಲ್ಲಿ ಎಲ್ಲರೂ ಚೆನ್ನಾಗಿಯೇ ಇರುತ್ತಾರೆ, ಮನೆಗೆ ಹೋದ ಮೇಲೆ ಬೆನ್ನಿನ ಚರ್ಮ ಹೇಗಿದೆ ಎಂದು ನನಗೆ ಹೇಳು, ಆಗ ನೀನು ಏನು ಕಲಿಸಿದೆ ಎಂದು ನಾನು ನಿನಗೆ ಹೇಳುತ್ತೇನೆ.

ನನ್ನ ಪಾಲಿಗೆ ಬಂದವಳು ಇವಳು, ರಾಮದುರ್ಗದ ಸೊಸೆ. ಮದುವೆಯಾಗಿ ಬಹಳ ವರ್ಷವಾಗಿರಲಿಲ್ಲ. ವಾರ್ಡಿನಲ್ಲಿ ಅವಳಷ್ಟು ಬೇಗ ಕಲಿತವರು ಇನ್ನೊಬ್ಬರಿರಲಿಲ್ಲ. ಕೈಗಳಲ್ಲಿ ಒಳ್ಳೆ ಬಲವಿತ್ತು. ಮಂಚದಿಂದ ಗಾಲಿಕುರ್ಚಿಗೆ ತಾನೇ ಜಾರಿ ಕೂರುವುದು, ಕುರ್ಚಿಯಲ್ಲಿ ಕೂತಾಗ ಆಗಾಗ ಎರಡೂ ಕೈ ಊರಿ ಮೈ ಎತ್ತುವುದು, ಎಡ ಮಗ್ಗಲು, ಬಲ ಮಗ್ಗಲು, ಬೋರಲು, ಹೀಗೆ ಹೊರಳುತ್ತಿರುವುದು, ಎಲ್ಲವನ್ನೂ ಕಲಿತಳು. "ನನ್ನ ಗಂಡ ಸೈಕಲ್ ಕಲಿಯಾಕ ಒಂದ್ ಬ್ಯಾಸಗಿ ತಗೊಂಡಾನ್ರಿ. ನಾ ಗಾಲಿಕುರ್ಚಿ ಒಂದ್ ವಾರದಾಗ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಉದ್ದ ಹಿಡಿಕೆಯ ಕನ್ನಡಿ ಕೊಟ್ಟಾಗ, "ಕಬ್ಬಿನ ಟ್ರ್ಯಾಕ್ಟರಿಗೆ ಇರತೈತಲ್ರಿ ಬಾಯಾರ, ಹಿಂದ ಯಾರ ಬಂದ್ರು ನೋಡಾಕ, ಅಂಥಾದ್ದು" ಎಂದಳು. ಮನೆಗೆ ಹೋಗುವ ದಿನ ಅವಳ ಬೆನ್ನು ಹಸುಗೂಸಿನ ಬೆನ್ನಿನ ಹಾಗಿತ್ತು. ಗೈಡ್ ಸರ್ ನೋಡಿ ಏನೂ ಅನ್ನಲಿಲ್ಲ. ಅವರು ಏನೂ ಅನ್ನದಿದ್ದರೆ ಅದೇ ಹೊಗಳಿಕೆ.

ವಾರಕ್ಕೊಮ್ಮೆ ಆಸ್ಪತ್ರೆಯ ಗಾಡಿ ಮನೆಭೇಟಿಗೆ ಹೊರಡುತ್ತಿತ್ತು. ಕಿತ್ತೂರು, ಬೈಲಹೊಂಗಲ, ಸವದತ್ತಿ, ಕೊನೆಗೆ ರಾಮದುರ್ಗ. ಈ ದಾರಿ ನನಗೇ ಸಿಕ್ಕಿದ್ದು ನಾನು ಈ ಕಡೆಯವಳೆಂದು. ಕಬ್ಬಿನ ಹಂಗಾಮು ಶುರುವಾಗಿತ್ತು. ಎಂ.ಕೆ. ಹುಬ್ಬಳ್ಳಿ ದಾಟುವವರೆಗೆ ಟ್ರ್ಯಾಕ್ಟರುಗಳ ಹಿಂದೆ ತೆವಳಿ, ರಾಮದುರ್ಗ ಮುಟ್ಟುವಷ್ಟರಲ್ಲಿ ಬಿಸಿಲು ಇಳಿಯತೊಡಗಿರುತ್ತಿತ್ತು.

ಆ ಮನೆಯನ್ನು ನೋಡಿ ಮೊದಲ ಭೇಟಿಯಲ್ಲಿ ನನಗೆ ಸಮಾಧಾನವಾಗಿತ್ತು. ಎಷ್ಟೋ ಮನೆಗಳಲ್ಲಿ ಕಾಲು ಹೋದ ಸೊಸೆಯನ್ನು ತವರಿಗೆ ಕಳಿಸಿಬಿಡುತ್ತಾರೆ. ಇಲ್ಲಿ ಮಾವ ಗಟ್ಟಿ ನಿಂತಿದ್ದರು. "ಕತ್ತಲ ಖೋಲಿಯಾಗ ನನ್ನ ಸೊಸಿ ಬಿದ್ದಿರಬಾರದು" ಎಂದು ಗಾಳಿ ಬೆಳಕಿರುವ ಪಡಸಾಲೆಯಲ್ಲೇ ಮಂಚ ಹಾಕಿಸಿದ್ದರು. ಗಾಲಿಕುರ್ಚಿ ಹೊರಗೆ ಬರಲೆಂದು ಅಂಗಳದ ಮೆಟ್ಟಿಲಿಗೆ ಇಳಿಜಾರು ಕಟ್ಟಿಸಿದ್ದರು. ಅದೇ ಪಡಸಾಲೆಯ ಇನ್ನೊಂದು ತುದಿಯಲ್ಲಿ ಅವರ ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಗೋಡೆಗೆ ಮುಖ ಮಾಡಿ ಕುಳಿತು ನೇಯುವ ಹಳೆಯ ಮಗ್ಗ. ಅದರ ಸದ್ದು ಸೊಸೆಗೆ ತ್ರಾಸಾಗುತ್ತದೆಂದು ನೇಯುವುದನ್ನೇ ನಿಲ್ಲಿಸಿದ್ದರು. ಮಗ ಪವರ್‌ಲೂಮಿಗೆ ಹೋಗುತ್ತಿದ್ದ. ಅತ್ತೆ ರಾತ್ರಿ ಎದ್ದೆದ್ದು ಅವಳನ್ನು ಹೊಳ್ಳಿಸುತ್ತಿದ್ದರು. ಹೊಳ್ಳಿಸುವುದೆಂದರೆ ನಮ್ಮ ಮಾತಿನಲ್ಲಿ ಮಗ್ಗಲು ತಿರುಗಿಸುವುದು.

ಅಂಥ ಪಡಸಾಲೆಗೆ ಒಂದು ಕಾಲಕ್ಕೆ ನನ್ನ ಅಜ್ಜಿ ಹತ್ತುವಂತಿರಲಿಲ್ಲ. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ ಮಾವ ತಾವು ನೆಲಕ್ಕೆ ಕುಳಿತಿದ್ದರು. ಅದನ್ನು ನಾನು ಮರೆತಿಲ್ಲ.

ಕೆಂಪು ಕಂಡ ಮುಂದಿನ ವಾರಕ್ಕೆ ಚರ್ಮ ಬಾಯಿ ಬಿಟ್ಟಿತ್ತು. ಅದರ ಮುಂದಿನ ವಾರ ಒಳಗೆ ಹಳದಿ. ನಾನು ಒಂದೊಂದನ್ನೇ ತಪಾಸಣೆ ಮಾಡಿದೆ. ಹಾಸಿಗೆ ಸರಿಯಿತ್ತು. ಕುರ್ಚಿಯ ದಿಂಬು ಸರಿಯಿತ್ತು. ಬಟ್ಟೆ ಒದ್ದೆಯಾಗುತ್ತಿರಲಿಲ್ಲ. ಊಟಕ್ಕೆ ಬೇಳೆ, ಕಾಳು, ಮೊಟ್ಟೆ ಎಲ್ಲ ಇದ್ದವು. ಮೊಟ್ಟೆ ತಿನ್ನದ ಆ ಮನೆಯಲ್ಲಿ ಅವಳಿಗಾಗಿ ಅಂಗಳದ ಒಲೆಯ ಮೇಲೆ ಬೇರೆ ಪಾತ್ರೆಯಲ್ಲಿ ಬೇಯುತ್ತಿತ್ತು.

"ಹೊಳ್ಳತಿಯೋ ಇಲ್ಲೋ?" ಎಂದು ಕೇಳಿದೆ.

"ಹೊಳ್ಳತೇನ್ರಿ."

"ಖರೇ ಹೇಳು."

"ಖರೇನ ರೀ ಬಾಯಾರ" ಎಂದು ಕಿಟಕಿಯ ಕಡೆ ನೋಡಿದಳು.

ಫೋನಿನಲ್ಲಿ ಗೈಡ್ ಸರ್, ಯಾರೋ ಸುಳ್ಳು ಹೇಳುತ್ತಿದ್ದಾರೆ, ಪತ್ತೆ ಮಾಡು ಎಂದರು. ನನ್ನ ಅನುಮಾನವೂ ಅತ್ತೆಯ ಮೇಲೇ ಹೋಯಿತು. ಕೇಳಿದ್ದಕ್ಕೆ ಆಕೆ ಸೆರಗಿನಿಂದ ಮೂಗು ಒರೆಸಿಕೊಂಡರು. "ನನ್ನ ಕಣ್ಣು ನೋಡ್ರಿ ಬಾಯಾರ. ನಿದ್ದಿ ಕಂಡ ಕಣ್ಣೇನ್ರಿ ಇವು? ನನ್ನ ಹೊಟ್ಟ್ಯಾಗ ಹುಟ್ಟಿದ ಮಗನ್ನ ಸೈತ ನಾ ಇಷ್ಟ ಹೊಳ್ಳಿಸಿಲ್ಲ."

ಅದು ಸುಳ್ಳು ಹೇಳುವ ಮುಖವಾಗಿರಲಿಲ್ಲ. ವಾರದಿಂದ ವಾರಕ್ಕೆ ಹುಣ್ಣು ಬೆಳೆಯುತ್ತಿತ್ತು. ನಾನು ವಾಪಸು ಹೊರಟಾಗಲೆಲ್ಲ ಗಾಡಿಯ ಕಿಟಕಿಗೆ ತಲೆ ಆನಿಸಿ, ನಾನು ಕಲಿತದ್ದರಲ್ಲಿ ಯಾವುದು ಬಿಟ್ಟುಹೋಗಿದೆ ಎಂದು ಹುಡುಕುತ್ತಿದ್ದೆ. ಏನೂ ಬಿಟ್ಟುಹೋಗಿರಲಿಲ್ಲ. ಅದೇ ನನ್ನನ್ನು ಹೆದರಿಸುತ್ತಿತ್ತು.

ಒಂದು ದಿನ ಅವಳ ಹುಣ್ಣು ತೊಳೆದು, ಬೋರಲು ಮಲಗಿಸಿ, ಕೈ ತೊಳೆಯಲು ಅಡಿಗೆಮನೆಗೆ ಹೋದೆ. ಅತ್ತೆ ಚಹಾ ಸೋಸುತ್ತಿದ್ದರು. ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಹೊರಗೆ ಅಂಗಳದಲ್ಲಿ ಯಾರೋ ಕೆಮ್ಮಿದರು. ರೋಗದ ಕೆಮ್ಮಲ್ಲ. ಮನೆಯ ಹಿರಿಯರು ಒಳಗೆ ಬರುವ ಮೊದಲು, ಬರುತ್ತಿದ್ದೇನೆ ಎಂದು ತಿಳಿಸುವ ಕೆಮ್ಮು.

ಮಂಚದ ಮೇಲೆ ಅವಳು ಸಟಕ್ಕನೆ ಎರಡೂ ಕೈ ಊರಿದಳು. ಬೋರಲಿದ್ದವಳು ಅಂಗಾತ ಹೊರಳಿ, ಕಾಲುಗಳನ್ನು ಕೈಯಿಂದ ಎಳೆದು ನೇರ ಮಾಡಿ, ಗೋಡೆಗೆ ದಿಂಬು ಕೊಟ್ಟು ಅರ್ಧ ಎದ್ದು ಕುಳಿತು ತಲೆಯ ಮೇಲೆ ಸೆರಗು ಎಳೆದುಕೊಂಡಳು. ವಾರ್ಡಿನಲ್ಲಿ ನಾನು ಕಲಿಸಿದ ಚಳಕವೆಲ್ಲ ಅದರಲ್ಲಿತ್ತು. ಮೈಯ ಭಾರವೆಲ್ಲ ನಾನು ಈಗ ತಾನೇ ತೊಳೆದ ಹುಣ್ಣಿನ ಮೇಲೆ ಬಿತ್ತು. ಮಾವ ಒಳಗೆ ಬಂದರು. ಮಂಚದ ಎದುರಿಗೆ ಗೋಡೆಗೆ ಒರಗಿ ಕುಳಿತರು. "ಬ್ಯಾಸರಾತೇನವಾ? ಇಲ್ಲೇ ಅದೇನಿ" ಎಂದರು. ಪೇಟೆಯ ಸುದ್ದಿ ಹೇಳತೊಡಗಿದರು. ಅವಳು ತಲೆ ತಗ್ಗಿಸಿ "ಹೂಂನ್ರಿ" ಎನ್ನುತ್ತಿದ್ದಳು.

"ಅವರು ದಿನಾ ಹಿಂಗ ಕುಂಡ್ರತಾರೇನ್ರಿ?" ಎಂದು ಅತ್ತೆಯನ್ನು ಕೇಳಿದೆ.

"ಹೂಂನ್ರಿ, ಪಾಪ. ಬೆಳಿಗ್ಗಿ ಚಾ ಕುಡದು ಕುಂತ್ರ ಹೊತ್ತು ಮುಣಗೂತನಾ ಅಲ್ಲೇ. ಸೊಸಿ ಒಬ್ಬಾಕಿನ ಆಗತಾಳಂತ. ಮಗ್ಗಾ ಸೈತ ಬಿಟ್ಟಾರ."

ವಾರ್ಡಿನಲ್ಲಿ ಮಾವಂದಿರಿರಲಿಲ್ಲ. ಅದು ಹೆಂಗಸರ ವಾರ್ಡು.

ಮಾವ ಬೀಡಿ ಅಂಗಡಿಗೆಂದು ಎದ್ದು ಹೋದಾಗ ನಾನು ಮಂಚದ ಹತ್ತಿರ ಹೋಗಿ ಅವಳ ಕಿವಿಯಲ್ಲೇ ಕೇಳಿದೆ. "ಯಾಕ ಹೇಳಲಿಲ್ಲ ನನಗ?"

"ಏನಂತ ಹೇಳ್ಲಿರಿ? ನನ್ನ ಹಡದಪ್ಪ ಸೈತ ನನ್ನ ಮುಂದ ಇಷ್ಟ ಹೊತ್ತು ಕುಂತಿಲ್ಲ. ಇವರು ಕೈಯಾನ ಕೆಲಸಾ ಬಿಟ್ಟು ಕುಂತಾರ. ಅವರ ಮಾರಿಗೆ ಕುಂಡಿ ತೋರಿಸಿ ಮಲಗಲೇನ್ರಿ?"

"ಮಲಗಬೇಕು. ಇಲ್ಲಂದ್ರ ಸಾಯತಿ."

"ನೀವು ಮಲಗತೀರೇನ್ರಿ, ನಿಮ್ಮ ಮಾವನ ಮುಂದ?"

"ನನಗ ಮದವಿ ಆಗಿಲ್ಲ."

"ಆದ ಮ್ಯಾಲ ಬಂದ್ ಹೇಳ್ರಿ" ಎಂದಳು. ನಗಲಿಲ್ಲ.

ಗಾಡಿಯಿಂದಲೇ ಗೈಡ್ ಸರ್‌ಗೆ ಫೋನು ಮಾಡಿದೆ. ಆ ಕೆಮ್ಮನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ, ಮಾವ ಕೆಮ್ಮುತ್ತಾರೆ, ಅದಕ್ಕೇ ಸೊಸೆ ಹೊರಳುವುದಿಲ್ಲ ಎಂದೆ. ಅವರು, ಹಾಗಾದರೆ ಮಾವನ ಕಫ ಪರೀಕ್ಷೆ ಮಾಡಿಸು, ಕ್ಷಯ ಇರಬಹುದು ಎಂದರು. ಮತ್ತೆ ಬಿಡಿಸಿ ಹೇಳಿದ ಮೇಲೆ, ಮಂಚವನ್ನು ಒಳಗಿನ ಖೋಲಿಗೆ ಸಾಗಿಸು ಎಂದರು. ಒಳಗಿನ ಖೋಲಿಯ ಹೊಸ್ತಿಲು ಮೊಣಕಾಲೆತ್ತರ. ಕಿಟಕಿಯಿಲ್ಲ. ಅಲ್ಲಿಗೆ ಹೋದರೆ ಅವಳು ಮತ್ತೆ ಬೆಳಕು ಕಾಣುವುದು ಯಾರಾದರೂ ಎತ್ತಿಕೊಂಡು ಬಂದಾಗ ಮಾತ್ರ. ಹಾಗಾಗಬಾರದೆಂದೇ ಮಾವ ಹಟ ಹಿಡಿದು ಪಡಸಾಲೆಯಲ್ಲಿ ಇಟ್ಟುಕೊಂಡಿದ್ದು.

ಅವತ್ತು ಗಾಡಿಯನ್ನು ಸಂಪಗಾಂವದ ಕಡೆ ತಿರುಗಿಸಿ ಮನೆಗೆ ಹೋದೆ. ನಾನು ಸಣ್ಣವಳಿದ್ದಾಗ ಅಜ್ಜ ಅಂಗಳದಲ್ಲಿ ಹೀಗೇ ಕೆಮ್ಮುತ್ತಿದ್ದ. ಅವ್ವ ಉಣ್ಣುವ ತಾಟು ಬಿಟ್ಟು ಎದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ನಾನೂ ಪುಸ್ತಕ ಬಿಟ್ಟು ನೆಟ್ಟಗೆ ಕೂರುತ್ತಿದ್ದೆ. ಈಗ ಅವ್ವನನ್ನು ಕೇಳಿದೆ:

"ಅಜ್ಜ ಬಂದಾಗ ನೀ ಯಾಕ ಏಳತಿದ್ದಿ?"

"ಯಾಕ ಅಂದ್ರ? ಏಳತಿದ್ದೆ."

"ಜ್ವರಾ ಬಂದಾಗ?"

"ಜ್ವರಾ ಮೈಗೆ ಬಂದಿರತಿತ್ತು. ಕಾಲ ನೆಟ್ಟಗ ಇದ್ದೂವಲ್ಲ" ಎಂದಳು ಅವ್ವ. ಆಮೇಲೆ ನನ್ನ ಮುಖ ನೋಡಿ, "ಯಾಕ, ಏನಾತು?" ಎಂದಳು.

ಮುಂದಿನ ವಾರದವರೆಗೆ ಕಾಯುವುದಾಗಲಿಲ್ಲ. ಮರುದಿನವೇ ರಜೆ ಹಾಕಿ ಬಸ್ಸು ಹತ್ತಿ ರಾಮದುರ್ಗಕ್ಕೆ ಹೋದೆ. ಮೊದಲು ಅತ್ತೆಗೆ ಹೇಳಿದೆ. ನೀವೇ ಅವರಿಗೆ ತಿಳಿಸಿ ಹೇಳಿ ಎಂದೆ. ಆಕೆ ಬೆದರಿದರು. "ನಾ ಹೆಂಗ ಹೇಳ್ಲಿ ಬಾಯಾರ? ನಾನ ಈ ಮನ್ಯಾಗ ಹಗಲಿ ಅವರ ಮುಂದ ಅಡ್ಡಾಗಿ ಮಲಗಿಲ್ಲ ಇನ್ನೂತನಾ."

ಮಾವ ಕಟ್ಟೆಯ ಮೇಲೆ ಕುಳಿತು ಎಳೆಯೊಂದನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದರು. ಕೈಗೆ ಕೆಲಸವಿಲ್ಲದ ನೇಕಾರನ ಚಟ. ನಾನು ಪಕ್ಕದಲ್ಲಿ ಕುಳಿತೆ.

"ಕಾಕಾರ, ಒಂದ್ ಮಾತು ಹೇಳಬೇಕಾಗೇತ್ರಿ."

"ಹೇಳ್ರಿ ಬಾಯಾರ."

"ನೀವು ಒಳಗ ಬಂದ್ರ ನಿಮ್ಮ ಸೊಸಿ ಹೊಳ್ಳಿ ಎದ್ದು ಕುಂಡ್ರತಾಳ."

"ಕುಂಡ್ರಲಿ ಬಿಡ್ರಿ. ಛಲೋನ ಆತು. ಕುಂತ್ರ ಜೀವಕ್ಕ ಹಗರ."

"ಕುಂತ ಜಾಗಾದಾಗನ ಹುಣ್ಣಾಗೇತ್ರಿ. ನೀವು ಏಳೂತನಾ ಆಕಿ ಅಲುಗಾಡೂದಿಲ್ಲ. ನಿಮಗ ಬೆನ್ನ ತಿರುವಿ ಮಲಗಬಾರದಂತ."

ಎಳೆ ಸುತ್ತುವುದು ನಿಂತಿತು. ಅವರು ಕೇಳಿದರು: "ಅಂದ್ರ, ನಾ ಕುಂತದ್ದಕ್ಕ ಆತೇನ್ರಿ?"

ಇಂಥ ಹುಣ್ಣಿಗೆ ಹತ್ತಾರು ಕಾರಣ ಕೂಡಿರುತ್ತವೆ ಎಂದು ಹೇಳುವುದು ನನಗೆ ಗೊತ್ತಿತ್ತು. ಹಾಗೆ ಹೇಳಿದ್ದರೆ ಅವರು ಮರುದಿನವೂ ಬಂದು ಕೂರುತ್ತಿದ್ದರು.

"ಹೌದ್ರಿ" ಎಂದೆ.

"ಆಕಿಗೆ ಬ್ಯಾಸರ ಆಗಬಾರದಂತ ಕುಂತೆ."

"ಗೊತ್ತೈತ್ರಿ."

"ಹಂಗಾರ ಒಳಗ ಬರೂದ ಬ್ಯಾಡೇನು?"

"ಬರ್ರಿ. ಆದ್ರ..." ಎಂದೆ.

ಅವರು ಎದ್ದರು. ಹೊಸ್ತಿಲಲ್ಲಿ ಕೆಮ್ಮಿದರು. ಒಳಗೆ ಅವಳು ಹೊರಳಿದ ಸದ್ದು ನನಗೆ ಕೇಳಿಸಿತು. ಮಂಚದ ಕಡೆ ನೋಡದೆ, ಗೋಡೆಯ ಬದಿಯಿಂದಲೇ ನಡೆದು ಹೋಗಿ, ಮಗ್ಗದ ಮೇಲಿನ ಧೂಳು ಹೆಗಲ ಟವೆಲಿನಿಂದ ಹೊಡೆದು, ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರು. ಈಗ ಅವರ ಮುಖ ಗೋಡೆಗೆ, ಬೆನ್ನು ಸೊಸೆಗೆ.

"ಹೊಳ್ಳಿ ಮಲಗವಾ" ಎಂದರು ಗೋಡೆಗೆ. "ನಾ ಈ ಕಡೆ ಅದೇನಿ."

ಅವಳು ನನ್ನನ್ನು ನೋಡಿದಳು. ನಾನು ಕೈಸನ್ನೆ ಮಾಡಿದೆ. ಅವಳು ನಿಧಾನವಾಗಿ ಬೋರಲು ಹೊರಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಲಾಳಿ ಓಡತೊಡಗಿತು. ಎಷ್ಟೋ ಹೊತ್ತು ನೇಯ್ದು, ಕೈ ನಿಲ್ಲಿಸಿ, ತಿರುಗಿ ನೋಡದೆ ಕೇಳಿದರು: "ಹೊಳ್ಳಿದಿ ಏನವಾ?"

"ಹೂಂನ್ರಿ."

ಅಲ್ಲಿಂದ ಮುಂದೆ ಆ ಮನೆಯಲ್ಲಿ ಹಗಲು ನಡೆದದ್ದೇ ಹಾಗೆ. ಮಾತಾಡಿಸಲು ಬರುವ ಹಿರಿಯರನ್ನೂ ಅವರು ಮಗ್ಗದ ಪಕ್ಕಕ್ಕೇ ಕರೆದು ಗೋಡೆಗೆ ಮುಖ ಮಾಡಿ ಕೂರಿಸುತ್ತಿದ್ದರು. "ಏನೋ, ನನ್ನ ಸೊಸಿನ್ನ ನೋಡಾಕ ಬಂದಿಯೋ, ಗ್ವಾಡಿ ನೋಡಾಕ ಬಂದಿಯೋ?" ಎಂದು ಅವರೇ ಕೇಳಿ ಅವರೇ ನಗುತ್ತಿದ್ದರಂತೆ. ಓಣಿಯ ಮುದುಕರು ಗೊಣಗುತ್ತಲೇ ಗೋಡೆ ನೋಡುತ್ತ ಚಹಾ ಕುಡಿದು ಹೋದರೆಂದು ಅತ್ತೆ ಫೋನಿನಲ್ಲಿ ಹೇಳಿದರು. ನನಗೆ ಆಸೆ ಹುಟ್ಟಿತು. ಆಸೆ ಹುಟ್ಟಿದ್ದಕ್ಕೇ ಹೆದರಿಕೆಯೂ ಆಯಿತು.

ಮುಂದಿನ ಭೇಟಿಯಲ್ಲಿ ಹುಣ್ಣಿನ ಬಾಯಿ ಕಿರಿದಾಗಿತ್ತು. ಅತ್ತೆ ನನ್ನ ಗಲ್ಲ ಸವರಿ ನೆಟಿಗೆ ಮುರಿದರು. ನಾನು ಹತ್ತಿಯ ಕಡ್ಡಿಯನ್ನು ಒಳಗೆ ಇಳಿಸಿದೆ. ಅದು ಹೋಗುತ್ತಲೇ ಹೋಯಿತು. ಇರುವೆ ಗೂಡಿನ ಬಾಯಿ ಸಣ್ಣದಿರುತ್ತದೆ, ಕೆಳಗೆ ನೆಲವೆಲ್ಲ ಪೊಳ್ಳಾಗಿರುತ್ತದೆ. ಹಾಗಿತ್ತು. ಕಡ್ಡಿಯ ತುದಿ ಗಟ್ಟಿಯಾದ ಏನಕ್ಕೋ ತಾಗಿತು. ಎಲುಬು. ಅವಳಿಗೆ ಏನೂ ತಿಳಿಯಲಿಲ್ಲ. "ಕಡಿಮಿ ಆಗೇತೇನ್ರಿ ಬಾಯಾರ?" ಎಂದು ದಿಂಬಿನಿಂದ ಕೇಳಿದಳು. ಮಗ್ಗದ ಸದ್ದು ನಿಂತಿತು. ಮಾವನೂ ಉತ್ತರಕ್ಕೆ ಕಾಯುತ್ತಿದ್ದರು, ಗೋಡೆಯ ಕಡೆ ಮುಖ ಮಾಡಿಕೊಂಡೇ.

"ದವಾಖಾನಿಗೆ ಹೋಗೂಣು" ಎಂದೆ.

ಮನೆಯವರು ದುಡ್ಡು ಹೊಂದಿಸಿಕೊಂಡು ಹೊರಡುವ ಮೊದಲೇ ಮೂರನೆಯ ದಿನ ಮಧ್ಯಾಹ್ನ ಅತ್ತೆಯ ಫೋನು ಬಂತು. "ಮೈ ಕೆಂಡಾಗೇತ್ರಿ. ಗದಗದ ನಡಗಾಕ ಹತ್ತಾಳ. ಏನೇನೋ ಮಾತಾಡಾಕ ಹತ್ತಾಳ್ರಿ." ಆಂಬುಲೆನ್ಸಿನಲ್ಲಿ ತಂದರು. ವಾರ್ಡಿಗೆ ಬಂದವಳನ್ನು ನಾನು ಗುರುತು ಹಿಡಿಯಲು ಒಂದು ಕ್ಷಣ ಬೇಕಾಯಿತು.

ನಂಜು ರಕ್ತಕ್ಕೆ ಇಳಿದಿತ್ತು. ಸತ್ತ ಮಾಂಸ ಕೆತ್ತಿ ತೆಗೆದರು. ಪಕ್ಕದ ಮಾಂಸ ಎಳೆದು ತಂದು ಗುಳಿ ಮುಚ್ಚುವ ದೊಡ್ಡ ಆಪರೇಶನ್ ಬೇರೆ ಇತ್ತು. ಆದರೆ ಜ್ವರ ಇಳಿದು ಮೈಯಲ್ಲಿ ರಕ್ತ ತುಂಬುವವರೆಗೆ ಕೈ ಹಾಕುವಂತಿಲ್ಲ ಎಂದರು ಸರ್ಜನ್. ಇಳಿಯದಿದ್ದರೆ? ನಾನು ಕೇಳಲಿಲ್ಲ. ಅಷ್ಟು ನಾನೂ ಓದಿದ್ದೆ.

ಗೈಡ್ ಸರ್ ತಮ್ಮ ಕೋಣೆಗೆ ಕರೆದು ಚಹಾ ತರಿಸಿದರು. ವರ್ಷ ಮುಗಿಯುತ್ತ ಬಂತು, ನಿನ್ನ ಕೇಸನ್ನು ಎಲ್ಲರ ಮುಂದೆ ಹೇಳಬೇಕಲ್ಲ, ಹುಣ್ಣಿಗೆ ಮನೆಯವರ ನಿರ್ಲಕ್ಷ್ಯ ಕಾರಣ ಎಂದು ಹೇಳಿ ಮುಂದೆ ಹೋಗು, ನಿನ್ನ ತಪ್ಪಿಲ್ಲ ಎಂದರು. ಕರುಣೆಯಿಂದಲೇ ಹೇಳಿದರು.

"ನಿರ್ಲಕ್ಷ್ಯ ಅಲ್ಲ ಸರ್" ಎಂದೆ. "ಅವರು ಬೆಳಗಿನಿಂದ ಸಂಜೆಯವರೆಗೆ ಅವಳ ಎದುರೇ ಕುಳಿತಿದ್ದರು."

ಅವರು ಚಹಾದ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಹಾಗಾದರೆ ಅದನ್ನೇ ಹೇಳು ಎಂದರು. ಅದನ್ನೇ ಹೇಳಿದೆ. ಕೇಳಿದವರಲ್ಲಿ ಕೆಲವರು ನಕ್ಕರು, ಕೆಲವರು ಏನೋ ಬರೆದುಕೊಂಡರು. ನನ್ನನ್ನು ಪಾಸು ಮಾಡಿದರು. ಅಪ್ಪ ಊರಲ್ಲಿ ಪೇಡೆ ಹಂಚಿದನಂತೆ. ಇದನ್ನು ಬರೆಯುವ ಹೊತ್ತಿಗೂ ಆ ಗುಳಿ ಮುಚ್ಚಿಲ್ಲ. ಜ್ವರ ಒಂದು ದಿನ ಇಳಿಯುತ್ತದೆ, ಮತ್ತೊಂದು ದಿನ ಏರುತ್ತದೆ. ಸರ್ಜನ್ ಪ್ರತಿ ಸಲ ಬಂದು ನೋಡಿ ಮುಂದಿನ ವಾರ ಎನ್ನುತ್ತಾರೆ.

ನನ್ನ ಫೆಲೋಶಿಪ್ಪಿನ ಕೊನೆಯ ದಿನ ಮಧ್ಯಾಹ್ನ, ನೋಡಲು ಬರುವವರ ಹೊತ್ತಿನಲ್ಲಿ, ನಾನು ಅವಳ ಹತ್ತಿರ ನಿಂತಿದ್ದೆ. ಅವಳು ಬೋರಲು ಮಲಗಿದ್ದಳು, ಒಂದು ಕೆನ್ನೆ ಹಾಸಿಗೆಗೆ ಒತ್ತಿಕೊಂಡು, ಕಣ್ಣು ಅರೆಮುಚ್ಚಿ. ವಾರ್ಡಿನ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಸಾಲು ಮಂಚಗಳ ಹೆಂಗಸರೆಲ್ಲ ಅಲುಗಾಡಿದರು. ಒಬ್ಬಾಕೆ ಸೆರಗು ಹುಡುಕಿದಳು. ಮೂಲೆಯ ಮುದುಕಿ ಸಹ ಎದ್ದು ಕೂರಲು ಕೈ ಊರಿದಳು. ಬಂದ ಮುದುಕ ಯಾರೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇವಳು ಮಾತ್ರ ಹೊರಳಲಿಲ್ಲ.

ಇದೊಂದನ್ನು ನೋಡಬೇಕೆಂದು ನಾನು ಎಷ್ಟು ಹಂಬಲಿಸಿದ್ದೆ. ನೋಡಿದಾಗ ಹೆದರಿಕೆಯಾಯಿತು. ಬಾಗಿ ಅವಳ ಕೈಯ ನಾಡಿ ಹಿಡಿದೆ. ಎಳೆಯಷ್ಟು ಸಣ್ಣಗೆ ಓಡುತ್ತಿತ್ತು.

"ಕೇಳಿಸ್ತೇನು?" ಎಂದೆ.

"ಕೇಳಿಸ್ತ್ರಿ. ಮಾವಾರು."

"ಹೊಳ್ಳಬ್ಯಾಡ."

"ಹೊಳ್ಳಾಕ ಆಗವಲ್ದ್ರಿ ಬಾಯಾರ" ಎಂದಳು. ಆಮೇಲೆ, "ಅವರಿಗೆ ಚಾ ಕೊಡಸ್ರಿ. ಬಸ್ಸಿನ್ಯಾಗ ಬಂದಾರ."

ಮಾವ ಬಾಗಿಲ ಹತ್ತಿರದ ಸ್ಟೂಲನ್ನು ಎತ್ತಿ, ಹೊರಗಿನ ವರಾಂಡದ ಕಡೆಗೆ ತಿರುಗಿಸಿಟ್ಟು, ನಮ್ಮ ಕಡೆ ಬೆನ್ನು ಹಾಕಿ ಕುಳಿತರು. ಹೋಗಿ ಬರುವವರೆಲ್ಲ ಅವರ ಮುಖ ನೋಡುತ್ತಿದ್ದರು. ಮಡಿಲಲ್ಲಿ ಅವರ ಎರಡೂ ಕೈ ಸುಮ್ಮನೆ ಬಿದ್ದಿದ್ದವು. ಸ್ವಲ್ಪ ಹೊತ್ತು ಬಿಟ್ಟು, ತಿರುಗದೆ, ಮನೆಯಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿದರು:

"ಹೊಳ್ಳಿದಿ ಏನವಾ?"

ಅವಳು ತುಟಿ ಅಲ್ಲಾಡಿಸಿದಳು, ಸದ್ದು ಬರಲಿಲ್ಲ. ಅವಳ ಕೈ ಇನ್ನೂ ನನ್ನ ಕೈಯಲ್ಲಿತ್ತು.

"ಹೂಂನ್ರಿ ಕಾಕಾರ" ಎಂದೆ ನಾನು.